ಕಾಲು ಸುತ್ತಿಗೆ ಮುಗಿಯುವ ವಾಲ್ಯೂಮ್

ಮಾತಾಡುವವರು ಇಬ್ಬರು. ಒಬ್ಬರು ಆಕಾಶವಾಣಿಯ ಎಂಜಿನಿಯರಿಂಗ್ ವಿಭಾಗದಲ್ಲಿ ದುಡಿದು, ಈಗ ಬನಶಂಕರಿ ಎರಡನೇ ಹಂತದ ಮನೆಯಲ್ಲಿ ವಿಶ್ರಾಂತಿಯಲ್ಲಿರುವ ಸೋದರಮಾವ. ಇನ್ನೊಬ್ಬಳು ಅವರ ತಂಗಿಯ ಮಗಳು. ಕಂಪ್ಯೂಟರ್ ಕೆಲಸ, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಫ್ಲ್ಯಾಟು. ಕಿವಿ ಇಬ್ಬರದೂ ಚುರುಕು. ತಾಳ್ಮೆ ಇರುವುದು ಒಬ್ಬರಿಗೆ ಮಾತ್ರ.

ಅವಳು: ಮಾವ, ಅಪ್ಪನ ಆಂಪ್ಲಿಫೈಯರನ್ನ ಜೆ.ಪಿ. ನಗರದ ಮನೆ ಅಟ್ಟದಿಂದ ಕೊನೆಗೂ ಇಳಿಸಿ ತಂದೆ. ಡಿಜಿಟಲ್ ಹಾಡನ್ನ ಅನಲಾಗ್ ಸಿಗ್ನಲ್ ಮಾಡಿಕೊಡುವ ಒಂದು ಹೊಸ ಡ್ಯಾಕ್ ಜೋಡಿಸಿದೆ. ದನಿ ಏನೋ ಚೆನ್ನಾಗಿದೆ, ಆದರೆ ವಾಲ್ಯೂಮ್ ಎಂಟು ಗಂಟೆಗೆ ತಂದರೆ ಸಾಕು, ಪಕ್ಕದ ಫ್ಲ್ಯಾಟಿನವರು ಗೋಡೆ ತಟ್ಟುತ್ತಾರೆ. ಅದಕ್ಕಿಂತ ಇಳಿಸಿದರೆ ಎಡಗಡೆ ಸ್ಪೀಕರ್ ಸತ್ತೇ ಹೋಗುತ್ತೆ. ಮಾರಿಬಿಡೋಣ ಅಂತಿದ್ದೀನಿ.

ಮಾವ: ಎಂಟು ಗಂಟೆಗಾ? ಅಷ್ಟು ಬೇಗ ಮಲಗುತ್ತಾರಾ ಅವರು?

ಅವಳು: ಅಯ್ಯೋ, ಗಡಿಯಾರದ ಮುಳ್ಳಿನ ಲೆಕ್ಕ ಮಾವ! ನಾಬ್ ಏಳು ಗಂಟೆ ಜಾಗದಲ್ಲಿದ್ದರೆ ಪೂರ್ತಿ ಬಂದ್, ಐದು ಗಂಟೆ ಜಾಗಕ್ಕೆ ಬಂದರೆ ಪೂರ್ತಿ ಓಪನ್. ನಾನು ಏಳರಿಂದ ಎಂಟರೊಳಗೆ ಸಂಸಾರ ಮಾಡಬೇಕಾಗಿದೆ.

ಮಾವ: ಗೊತ್ತು, ಸುಮ್ಮನೆ ಕೇಳಿದೆ. ಮಾರಬೇಡ. ಆಂಪ್ ಕೆಟ್ಟಿಲ್ಲ, ನಿನ್ನ ಡ್ಯಾಕೂ ಕೆಟ್ಟಿಲ್ಲ. ಎರಡೂ ಬೇರೆ ಬೇರೆ ಕಾಲದವು, ಅಷ್ಟೆ. ಹಿಂದುಗಡೆ ಸಾಕೆಟ್ ಪಕ್ಕ ಏನಾದರೂ ಬರೆದಿದೆಯಾ?

ಅವಳು: ಫೋಟೋ ತೆಗೆದಿದ್ದೀನಿ ನೋಡಿ. ಆಕ್ಸ್, 150 ಎಂವಿ. ಫೋನೋ, 2.5 ಎಂವಿ.

ಮಾವ: ಅಲ್ಲಿಗೆ ರೋಗ ಸಿಕ್ಕಿತು. ಫೋನೋ ಸಾಕೆಟ್ ತಂಟೆಗೆ ಹೋಗಬೇಡ, ಅದು ರೆಕಾರ್ಡ್ ಪ್ಲೇಯರಿನ ಮುಳ್ಳಿಗೆ ಮಾಡಿದ್ದು. ಆಕ್ಸ್ ನೋಡು. ಅಲ್ಲಿಗೆ 150 ಮಿಲಿವೋಲ್ಟ್ ಕೊಟ್ಟು ನಾಬ್ ಪೂರ್ತಿ ತೆರೆದರೆ ಆಂಪ್ ತನ್ನ ಪೂರ್ಣ ಶಕ್ತಿಗೆ ಬರುತ್ತೆ ಅಂತ ಅದರ ಅರ್ಥ. ನಿಮ್ಮಪ್ಪ ಇದನ್ನ ಕೊಂಡಾಗ ಹಿಂದೆ ಜೋಡಿಸುತ್ತಿದ್ದದ್ದು ರೇಡಿಯೋ ಟ್ಯೂನರ್, ಕ್ಯಾಸೆಟ್ ಡೆಕ್. ಅವು ಕೊಡುತ್ತಿದ್ದದ್ದೇ ಕೆಲವು ನೂರು ಮಿಲಿವೋಲ್ಟ್. ಆಮೇಲೆ ಸಿಡಿ ಬಂತು. 1982ರ ಅಕ್ಟೋಬರಿನಲ್ಲಿ ಸೋನಿಯ ಮೊದಲ ಸಿಡಿ ಪ್ಲೇಯರ್ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಸಿಡಿ ಪ್ಲೇಯರ್ ಅಂದರೆ ಗರಿಷ್ಠ 2 ವೋಲ್ಟ್ ಅನ್ನೋದು ರೂಢಿಯಾಯಿತು. ನಿನ್ನ ಡ್ಯಾಕ್ ಆ ಮನೆತನದ ಮೊಮ್ಮಗು. ಎಕ್ಸ್‌ಎಲ್‌ಆರ್ ಸಾಕೆಟ್ ಇರುವ ಡ್ಯಾಕ್‌ಗಳು ಎಷ್ಟೋ 4 ವೋಲ್ಟ್ ಕೊಡುತ್ತವೆ.

ಅವಳು: ಅಂದರೆ ಆಂಪ್ ಕೇಳಿದ್ದು 150 ಮಿಲಿವೋಲ್ಟ್, ನಾನು ಕೊಡ್ತಿರೋದು 2,000. ಹದಿಮೂರು ಪಟ್ಟು ಜಾಸ್ತಿ!

ಮಾವ: ಡೆಸಿಬಲ್‌ನಲ್ಲಿ ಹೇಳು.

ಅವಳು: (ಮೊಬೈಲ್ ತೆಗೆದು) 22.5 ಡಿಬಿ.

ಮಾವ: ಆ 22 ಡಿಬಿ ನಿನ್ನ ಮನೆಗೆ ಬೇಡದ ಗೇನ್, ಅಂದರೆ ಬೇಡದ ವರ್ಧನೆ. ಈಗ ನಾಬಿನ ಒಳಗೆ ಹೋಗೋಣ. ಒಳಗಿರುವ ಪಾಟ್, ಅಂದರೆ ಪೊಟೆನ್ಷಿಯೋಮೀಟರ್, ಲಾಗ್ ಮಾದರಿಯದು. ನಡುವಿಗೆ ಬಂದಾಗ, ನಿನ್ನ ಹನ್ನೆರಡು ಗಂಟೆಗೆ, ಅದು ಒಳಬಂದ ವೋಲ್ಟೇಜಿನ ಅರ್ಧ ಬಿಡುವುದಿಲ್ಲ. ಹತ್ತನೇ ಒಂದು ಪಾಲು ಬಿಡುತ್ತೆ, ಕೆಲವು ಪಾಟ್‌ಗಳು ಸ್ವಲ್ಪ ಹೆಚ್ಚು. ಕಿವಿ ಸದ್ದನ್ನ ಅಳೆಯುವ ರೀತಿಯೇ ಹಾಗಾದ್ದರಿಂದ ಪಾಟನ್ನೂ ಹಾಗೆ ಮಾಡಿದ್ದಾರೆ. 2 ವೋಲ್ಟಿನಲ್ಲಿ ಹತ್ತನೇ ಒಂದು ಪಾಲು ಎಷ್ಟು?

ಅವಳು: 200 ಮಿಲಿವೋಲ್ಟ್.

ಮಾವ: ಆಂಪಿಗೆ ಪೂರ್ಣ ಶಕ್ತಿಗೆ ಬೇಕಾದದ್ದು?

ಅವಳು: 150. ಓ... ಹನ್ನೆರಡು ಗಂಟೆಗೆ ಮುಂಚೆಯೇ ಅದರ ಕಥೆ ಮುಗಿದಿರುತ್ತೆ! ಉಳಿದ ಅರ್ಧ ಸುತ್ತು ಬರೀ ಅಲಂಕಾರಕ್ಕೆ.

ಮಾವ: ಅಲಂಕಾರಕ್ಕಾದರೂ ಆಗಿದ್ದರೆ ಪರವಾಗಿಲ್ಲ. ಅಲ್ಲಿಂದ ಮುಂದೆ ಹಾಡಿನ ಜೋರು ಭಾಗ ಬಂದಾಗೆಲ್ಲ ಅಲೆಯ ತಲೆ ಕತ್ತರಿಸಿಹೋಗುತ್ತೆ. ಸ್ಪೀಕರಿನೊಳಗಿನ ಟ್ವೀಟರ್ ಸುಡುವುದು ಹಾಗೆಯೇ. ಅಂಗಡಿಯಲ್ಲಿ ಮಾತ್ರ ಇದನ್ನೇ ಹೊಗಳಿ ಮಾರುತ್ತಾರೆ: ಸಾರ್ ನೋಡಿ, ಕಾಲು ತಿರುಗಿಸಿದರೇ ಇಷ್ಟು ಸೌಂಡು, ಪೂರ್ತಿ ತಿರುಗಿಸಿದರೆ ಎಷ್ಟು ಬರಬೇಕು! ಏನೂ ಬರುವುದಿಲ್ಲ. ಗೇನ್ ಬೇರೆ, ಪವರ್ ಬೇರೆ. ಬೇಗ ಜೋರಾಗುವ ಆಂಪ್ ಬಲಿಷ್ಠ ಆಂಪ್ ಅಂತ ನಂಬಿಕೊಂಡವರು ಜಯನಗರದ ತುಂಬ ಇದ್ದಾರೆ.

ಅವಳು: ಬಿಟಿಎಂನಲ್ಲೂ ಇದ್ದಾರೆ. ನಾನೂ ಮೊನ್ನೆವರೆಗೆ ಹಾಗೇ ಅಂದುಕೊಂಡಿದ್ದೆ ಅಂತಿಟ್ಟುಕೊಳ್ಳಿ. ಸರಿ, ನನಗೆ ನಿಜವಾಗಿ ಬೇಕಾದ ಪವರ್ ಎಷ್ಟು?

ಮಾವ: ನಿನ್ನ ಸ್ಪೀಕರಿನ ಸೆನ್ಸಿಟಿವಿಟಿ ಎಷ್ಟು?

ಅವಳು: 87 ಡಿಬಿ ಅಂತ ಬರೆದಿದೆ.

ಮಾವ: 1 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡಿಬಿ. ನೀನು ಕೂರುವುದು ಮೂರು ಮೀಟರ್ ದೂರದ ಸೋಫಾದಲ್ಲಿ. ದೂರಕ್ಕೆ ಸ್ವಲ್ಪ ಕಳೆ, ಎರಡು ಸ್ಪೀಕರ್ ಇರುವುದಕ್ಕೆ, ಗೋಡೆಗಳು ತಿರುಗಿಸಿ ಕೊಡುವುದಕ್ಕೆ ಸ್ವಲ್ಪ ಕೂಡು. ಸುಮಾರು 83 ಡಿಬಿ ಅನ್ನು. ಮನೆಯಲ್ಲಿ ನೆಮ್ಮದಿಯಾಗಿ ಸಂಗೀತ ಕೇಳುವುದಕ್ಕೆ 70 ಡಿಬಿ ಆದರೆ ಧಾರಾಳವಾಯಿತು. 13 ಡಿಬಿ ಕಡಿಮೆ. ಹತ್ತು ಡಿಬಿಗೆ ಪವರ್ ಹತ್ತನೇ ಒಂದು, ಮತ್ತೆ ಮೂರು ಡಿಬಿಗೆ ಅದರ ಅರ್ಧ.

ಅವಳು: ಒಂದು ವಾಟಿನ ಇಪ್ಪತ್ತನೇ ಒಂದು ಪಾಲು? ಅಪ್ಪನ ಆಂಪ್ 30 ವಾಟಿನದು!

ಮಾವ: ಅದು ಸರಾಸರಿ. ಮೃದಂಗದ ಒಂದು ಗುಮಕಿಗೋ ತಬಲಾದ ಪೆಟ್ಟಿಗೋ ಕ್ಷಣಮಾತ್ರ 15, 20 ಡಿಬಿ ಮೇಲೆ ಹೋಗಬೇಕು. ಆಗ ಎರಡು, ಐದು ವಾಟ್ ಬೇಕಾಗುತ್ತೆ. 30 ವಾಟ್ ದಂಡ ಅಲ್ಲ. ಆದರೆ ಪೂರ್ಣ ಶಕ್ತಿ ನಾಬಿನ ನಡುವಿಗೇ ಬಂದು ಕೂತಿರುವಾಗ, ಅದಕ್ಕಿಂತ 25 ಡಿಬಿಗೂ ಕೆಳಗಿರುವ ನಿನ್ನ ದಿನನಿತ್ಯದ ಸಂಗೀತಕ್ಕೆ ಜಾಗ ಎಲ್ಲಿ ಉಳಿಯಿತು ಹೇಳು?

ಅವಳು: ಏಳೂವರೆ ಗಂಟೆ ಹತ್ತಿರ.

ಮಾವ: ಹೂಂ. ಎಡ ಸ್ಪೀಕರ್ ಸಾಯುವುದೂ ಅಲ್ಲೇ. ಸ್ಟೀರಿಯೋ ಪಾಟ್ ಅಂದರೆ ಒಂದೇ ಕಡ್ಡಿಗೆ ಪೋಣಿಸಿದ ಎರಡು ಕಾರ್ಬನ್ ಪಟ್ಟಿ. ಮೇಲೆ ಮೇಲೆ ಎರಡೂ ಜೊತೆಜೊತೆಯಾಗಿ ನಡೆಯುತ್ತವೆ. ತೀರ ಕೆಳಗೆ, ಮುಚ್ಚುವ ಅಂಚಿಗೆ ಬಂದಾಗ, ಒಂದು ಹೆಜ್ಜೆ ಹಿಂದೆ ಮುಂದೆ. ಅಗ್ಗದ ಪಾಟ್‌ನಲ್ಲಿ ಅಲ್ಲಿ ಹಲವು ಡಿಬಿ ವ್ಯತ್ಯಾಸ ಬಂದರೆ ಆಶ್ಚರ್ಯ ಇಲ್ಲ. ಕಚೇರಿ ರೆಕಾರ್ಡಿಂಗ್ ಹಾಕಿದರೆ ನಡುವೆ ಕೂತಿರಬೇಕಾದ ಗಾಯಕರು ಬಲಗಡೆ ಪಕ್ಕವಾದ್ಯದವರ ತೊಡೆಮೇಲೆ ಹೋಗಿ ಕೂರುತ್ತಾರೆ. ನಾಬ್ ತಿರುಗಿಸುವಾಗ ಕರಕರ ಅಂದರೆ ಅದು ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತೆ. ಈ ಎಡಬಲದ ತಾರತಮ್ಯಕ್ಕೆ ಕ್ಲೀನರ್ ಮದ್ದಲ್ಲ. ಪಾಟನ್ನ ಆ ಅಂಚಿನಿಂದ ಮೇಲೆ ಕರೆತರಬೇಕು.

ಅವಳು: ಹೇಗೆ ಕರೆತರೋದು?

ಮಾವ: ನಿಮ್ಮ ಫ್ಲ್ಯಾಟಿನಲ್ಲಿ ಪ್ರೆಶರ್ ಪಂಪ್ ಇದೆಯಲ್ಲ. ಬಚ್ಚಲಮನೆ ನಲ್ಲಿ ಒಂದು ಚೂರು ತಿರುಗಿಸಿದರೆ ನೀರು ಮುಖಕ್ಕೇ ಹೊಡೆಯುತ್ತೆ ಅಂದರೆ ಯಾರಾದರೂ ನಲ್ಲಿ ಬದಲಾಯಿಸುತ್ತಾರಾ? ಹಿಂದಿನ ಗೇಟ್ ವಾಲ್ವನ್ನ ಅರ್ಧ ಮುಚ್ಚುತ್ತಾರೆ. ಡ್ಯಾಕ್‌ಗೂ ಆಂಪ್‌ಗೂ ನಡುವೆ ಒಂದು ಗೇಟ್ ವಾಲ್ವ್ ಹಾಕು.

ಅವಳು: ಅದಕ್ಕೆ ಖರ್ಚೇ ಇಲ್ಲ ಮಾವ! ಮೊಬೈಲ್ ಆ್ಯಪ್‌ನಲ್ಲೇ ವಾಲ್ಯೂಮ್ ಇಳಿಸಿಬಿಡ್ತೀನಿ. ಡ್ಯಾಕ್ 24 ಬಿಟ್‌ನದು.

ಮಾವ: ಬೇಡ ಅನ್ನುವುದಿಲ್ಲ. ಡಿಜಿಟಲ್ ವಾಲ್ಯೂಮ್ ಮುಟ್ಟಿದರೆ ಸಂಗೀತ ಹಾಳಾಗುತ್ತೆ ಅಂತ ಬೊಬ್ಬೆ ಹಾಕುವವರ ಮಾತು 16 ಬಿಟ್ ಕಾಲಕ್ಕೆ ಸರಿಯಿತ್ತು. ಒಂದು ಬಿಟ್‌ಗೆ 6 ಡಿಬಿ. ನೀನು 20 ಡಿಬಿ ಇಳಿಸಿದರೆ ಮೂರು ಚಿಲ್ಲರೆ ಬಿಟ್ ಹೋಯಿತು. ಸಿಡಿ ಗುಣಮಟ್ಟದ ಹಾಡು 16 ಬಿಟ್‌ನದು, 24ರ ಡಬ್ಬಿಯಲ್ಲಿ ಅದರ ಕೆಳಗೆ ಇನ್ನೂ ಎಂಟು ಬಿಟ್ ಖಾಲಿ ಇರುತ್ತೆ. ಏನೂ ನಷ್ಟ ಇಲ್ಲ. ನನ್ನ ತಕರಾರು ಬೇರೆ. ನೀನು ಆ್ಯಪ್‌ನಲ್ಲಿ 20 ಇಳಿಸಿ, ನಾಬನ್ನ ಹನ್ನೊಂದು ಗಂಟೆಗೆ ಇಟ್ಟು ನಿಶ್ಚಿಂತೆಯಿಂದ ಇರುತ್ತೀಯ. ಒಂದು ರಾತ್ರಿ ಆ್ಯಪ್ ಅಪ್‌ಡೇಟ್ ಆಗಿ ವಾಲ್ಯೂಮ್ ನೂರಕ್ಕೆ ಹೋಗಿ ಕೂರುತ್ತೆ. ಅಥವಾ ಲ್ಯಾಪ್‌ಟಾಪ್ ಜೋಡಿಸಿದ್ದಾಗ ಯಾವುದೋ ಮೆಸೇಜಿನ ಟಿಂಗ್ ಸದ್ದು ಆ ಇಳಿಕೆಯನ್ನ ತಪ್ಪಿಸಿಕೊಂಡು ನೇರ ಬರುತ್ತೆ.

ಅವಳು: ಟಿಂಗ್ ಅಲ್ಲ, ಢಂ ಅನ್ನುತ್ತೆ.

ಮಾವ: ಟ್ವೀಟರಿಗೆ ಅದೇ ಕೊನೆಯ ಸಂದೇಶ. ಇನ್ನೊಂದು ವಿಷಯ, ಡಿಜಿಟಲ್‌ನಲ್ಲಿ ಇಳಿಸಿದರೆ ಹಾಡು ಇಳಿಯುತ್ತೆ, ಡ್ಯಾಕಿನ ಸ್ವಂತ ಹಿಸ್ ಇಳಿಯುವುದಿಲ್ಲ. ನೀನು ನಾಬ್ ಮೇಲೆತ್ತಿದಷ್ಟೂ ಅದೂ ಮೇಲೇಳುತ್ತೆ. ತಂತಿಯಲ್ಲಿ ಇಳಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಆದರೂ ಆ್ಯಪ್‌ನಿಂದ ಒಂದು ದೊಡ್ಡ ಉಪಕಾರ ಇದೆ. ಎಷ್ಟು ಡಿಬಿ ಇಳಿಸಬೇಕು ಅನ್ನೋದನ್ನ ಅದರಲ್ಲೇ ಕಂಡುಹಿಡಿಯಬಹುದು.

ಅವಳು: ಅರ್ಥ ಆಯಿತು. ನಾಬನ್ನ ಹನ್ನೊಂದು ಗಂಟೆಗೆ ಇಟ್ಟು, ನಾನು ದಿನಾ ಕೇಳುವಷ್ಟು ಸದ್ದು ಬರುವ ತನಕ ಆ್ಯಪ್‌ನಲ್ಲಿ ಇಳಿಸುತ್ತಾ ಹೋಗೋದು. ಅಲ್ಲಿ ಎಷ್ಟು ಡಿಬಿ ತೋರಿಸುತ್ತೋ ಅದೇ ಉತ್ತರ.

ಮಾವ: ಮೊದಲು ಆ್ಯಪ್ ಇಳಿಸು, ಆಮೇಲೆ ನಾಬ್ ಎತ್ತು. ತಿರುಗುಮುರುಗು ಮಾಡಬೇಡ. ಯಾವ ಹಾಡು ಹಾಕಿ ನೋಡುತ್ತೀಯ?

ಅವಳು: ಯಾವುದಾದರೇನು?

ಮಾವ: ಅಲ್ಲೇ ಎಡವುವುದು. ಈಗಿನ ಸಿನಿಮಾ ಹಾಡುಗಳನ್ನ ಮೇಲಿಂದ ಕೆಳಗಿನವರೆಗೆ ಒತ್ತಿ ತುಂಬಿರುತ್ತಾರೆ. ಅದನ್ನ ಹಾಕಿ ಅಳತೆ ಮಾಡಿದರೆ ಬೇಕಾದ್ದಕ್ಕಿಂತ ಹೆಚ್ಚು ಇಳಿಸಿಬಿಡುತ್ತೀಯ. ಆಮೇಲೆ ಹಳೆಯ ರೇಡಿಯೋ ಕಚೇರಿ ಹಾಕಿದಾಗ ಆಲಾಪನೆ ಕೇಳಿಸದೆ ನಾಬ್ ಪೂರ್ತಿ ತಿರುಗಿಸಿದರೂ ಸಾಲುವುದಿಲ್ಲ. ನಿನ್ನ ಹತ್ತಿರ ಇರುವುದರಲ್ಲೇ ತೀರ ಮೆದುವಾದ ರೆಕಾರ್ಡಿಂಗ್ ಆರಿಸು. ಅದು ಎರಡು ಗಂಟೆ ಮೂರು ಗಂಟೆ ಜಾಗದಲ್ಲಿ ಸಾಕಷ್ಟು ಜೋರಾಗಬೇಕು. ಸ್ಪಾಟಿಫೈ ಕೇಳುತ್ತೀಯಲ್ಲ, ಅದು ತನ್ನ ಮಾಮೂಲಿ ಸೆಟ್ಟಿಂಗಿನಲ್ಲಿ ಹಾಡುಗಳನ್ನೆಲ್ಲ ಮೈನಸ್ 14 ಎಲ್‌ಯುಎಫ್‌ಎಸ್ ಅನ್ನುವ ಒಂದೇ ಮಟ್ಟಕ್ಕೆ ತರಲು ನೋಡುತ್ತೆ. ಅಳತೆ ಮಾಡುವಾಗ ಅದೂ ಲೆಕ್ಕಕ್ಕಿರಲಿ.

ಅವಳು: ನಾಬ್ ಹನ್ನೊಂದಕ್ಕೇ ಇರಬೇಕು ಅಂತ ಏನು ಶಾಸ್ತ್ರ?

ಮಾವ: ಸ್ಟುಡಿಯೋ ಕನ್ಸೋಲಿನ ಫೇಡರ್ ನೋಡಿದ್ದೀಯಾ? ಸೊನ್ನೆ ಅಂತ ಗುರುತು ಇರುವುದು ತುತ್ತತುದಿಯಲ್ಲಲ್ಲ, ಅದರ ಕೆಳಗೆ. ಮೇಲೆ ಇನ್ನೊಂದು 10 ಡಿಬಿ ಕೈಕಾವಲು. ರಾಜಭವನ ರಸ್ತೆಯ ನಮ್ಮ ಸ್ಟುಡಿಯೋದಲ್ಲಿ ಪ್ರಸಾರಕ್ಕೆ ಮುಂಚೆ ಟೋನ್ ಕೊಟ್ಟು ಎಲ್ಲ ಹಂತ ಸರಿಹೊಂದಿಸುವುದು ಯಾಕೆ ಅಂದರೆ, ಕೈ ಸೊನ್ನೆಯ ಆಸುಪಾಸಿನಲ್ಲೇ ಆಡುತ್ತಿರಲಿ ಅಂತ. ಅಲ್ಲಿ ಒಂದು ಬೆರಳು ಸರಿಸಿದರೆ ಕೆಲವೇ ಡಿಬಿ ಬದಲಾಗುತ್ತೆ. ತೀರ ಕೆಳಗೆ ಅದೇ ಬೆರಳಿನ ಅಳತೆಗೆ ಇಪ್ಪತ್ತು ಡಿಬಿ ಎಗರಿಹೋಗುತ್ತೆ. ಫೇಡರ್ ಬುಡದಲ್ಲಿಟ್ಟುಕೊಂಡು ಕೆಲಸ ಮಾಡುವವನು ಕಂಡರೆ ಹಿಂದಿನ ಯಾವುದೋ ಹಂತದಲ್ಲಿ ಗೇನ್ ತಪ್ಪಿದೆ ಅಂತಲೇ ಲೆಕ್ಕ. ಮನೆಗೂ ಬೇರೆ ಶಾಸ್ತ್ರ ಇಲ್ಲ.

(ಇಷ್ಟು ಹೊತ್ತಿಗೆ ಕಾಫಿ ಬಂದಿತ್ತು. ಮಾವ ಒಂದು ಹಳೆಯ ಆಮಂತ್ರಣ ಪತ್ರಿಕೆಯ ಬೆನ್ನ ಮೇಲೆ ಎರಡು ರೆಸಿಸ್ಟರ್ ಬರೆದರು. ಆಡಿಯೋ ಹುಚ್ಚಿರುವವರ ಮನೆಯಲ್ಲಿ ಖಾಲಿ ಕಾಗದ ಸಿಗುವುದು ಅಪರೂಪ.)

ಮಾವ: ನೋಡು, ಇಷ್ಟೇ. ಡ್ಯಾಕಿನಿಂದ ಬರುವ ತಂತಿಗೆ ಸಾಲಿನಲ್ಲಿ ಒಂದು 10 ಕೆ ರೆಸಿಸ್ಟರ್. ಅದನ್ನ ದಾಟಿದ ಮೇಲೆ, ಆಂಪ್ ಕಡೆಯ ಪಿನ್ನಿನಿಂದ ಗ್ರೌಂಡಿಗೆ ಇನ್ನೊಂದು. ಎರಡನೆಯದು 1 ಕೆ ಆದರೆ ಹನ್ನೊಂದನೇ ಒಂದು ಪಾಲು ಮುಂದೆ ಹೋಗುತ್ತೆ. ಸುಮಾರು 21 ಡಿಬಿ ಇಳಿಯಿತು. 2.2 ಕೆ ಹಾಕಿದರೆ 15 ಡಿಬಿ. 3.3 ಕೆ ಹಾಕಿದರೆ 12. ಆ್ಯಪ್ ಹೇಳಿದ ಉತ್ತರಕ್ಕೆ ಹತ್ತಿರದ್ದು ಹಾಕು. ಒಂದೆರಡು ಡಿಬಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡ, ನಾಬ್ ಇರುವುದೇ ಅದಕ್ಕೆ.

ಅವಳು: ಇಷ್ಟೇನಾ! ರೆಡಿಮೇಡ್ ಸಿಗಲ್ವಾ?

ಮಾವ: ಸಿಗುತ್ತೆ. ಹೆಬ್ಬೆರಳಿನ ಗಾತ್ರದ ಆರ್‌ಸಿಎ ಅಡಾಪ್ಟರ್ ತರಹ, 10 ಡಿಬಿ, 12 ಡಿಬಿ ಅಂತ ಬರೆದು ಮಾರುತ್ತಾರೆ. ಒಳಗೆ ಇರುವುದು ಇದೇ ಎರಡು ರೆಸಿಸ್ಟರ್. ನಾಲ್ಕು ರೆಸಿಸ್ಟರಿಗೆ ಒಂದು ಕಾಫಿಯ ಕಾಸೂ ಆಗುವುದಿಲ್ಲ. ಆ ಅಡಾಪ್ಟರಿನ ಬೆಲೆಗೆ ಊಟ ಆಗುತ್ತೆ. ಸೋಲ್ಡರ್ ಮಾಡಲು ಬರದವರು ತೆಗೆದುಕೊಳ್ಳಲಿ, ಮೋಸವೇನಿಲ್ಲ. ನಿನಗೆ ಬರುತ್ತಲ್ಲ.

ಅವಳು: ಕಾಲೇಜಿನಲ್ಲಿ ಮಾಡಿದ್ದೆ. ಎಲ್ಲಿ ಕೂರಿಸಬೇಕು, ಡ್ಯಾಕ್ ಕಡೆಯ ಪಿನ್ನಿನಲ್ಲೋ ಆಂಪ್ ಕಡೆಯ ಪಿನ್ನಿನಲ್ಲೋ?

ಮಾವ: ಆಂಪ್ ಕಡೆ. ಹಾಗೆ ಮಾಡಿದರೆ ಪೂರ್ತಿ 2 ವೋಲ್ಟ್ ತಂತಿಯುದ್ದಕ್ಕೂ ಬರುತ್ತೆ. ದಾರಿಯಲ್ಲಿ ಹತ್ತಿಕೊಂಡ ಕಸಕಡ್ಡಿಯೂ ಕೊನೆಯಲ್ಲಿ ಸಿಗ್ನಲ್ ಜೊತೆ ಇಳಿಯುತ್ತೆ. ಡ್ಯಾಕ್ ಕಡೆ ಇಳಿಸಿದರೆ ದುರ್ಬಲವಾದ ಸಿಗ್ನಲ್ ತಂತಿ ತುಂಬ ನಡೆದು ಬರಬೇಕು. ಮೆಟಲ್ ಫಿಲ್ಮ್, ಕಾಲು ವಾಟ್, ಒಂದು ಪರ್ಸೆಂಟ್ ಅಂತ ಕೇಳು. ಎಡಬಲ ಒಂದೇ ಸಮ ಇರಬೇಕಾದ್ದರಿಂದ ಒಂದು ಪರ್ಸೆಂಟ್ ಬೇಕು. ಬಣ್ಣ ನೋಡಿ ಮೋಸ ಹೋಗಬೇಡ. ಒಂದು ಪರ್ಸೆಂಟಿನ 10 ಕೆ ಅಂದರೆ ಕಂದು, ಕಪ್ಪು, ಕಪ್ಪು, ಕೆಂಪು, ಕಂದು. 1 ಕೆ ಅಂದರೆ ಕಂದು, ಕಪ್ಪು, ಕಪ್ಪು, ಕಂದು, ಕಂದು. ನಾಲ್ಕನೇ ಪಟ್ಟಿಯೊಂದೇ ವ್ಯತ್ಯಾಸ. ಟ್ಯೂಬ್‌ಲೈಟಿನ ಕೆಳಗೆ ಕೆಂಪು ಯಾವುದು, ಕಂದು ಯಾವುದು ನನಗಂತೂ ತಿಳಿಯುವುದಿಲ್ಲ. ಮಲ್ಟಿಮೀಟರ್ ಹಚ್ಚಿ ನೋಡಿಯೇ ಹಾಕು.

ಅವಳು: ಹೀಗೆ ನಡುವೆ 10 ಕೆ ಸೇರಿಸಿದರೆ ಡ್ಯಾಕ್‌ಗೆ ಭಾರ ಆಗಲ್ವಾ?

ಮಾವ: ಈಗಿನ ಡ್ಯಾಕ್‌ಗೆ 11 ಕಿಲೋಓಮ್ ಲೋಡ್ ಅಂದರೆ ಲೆಕ್ಕಕ್ಕೇ ಇಲ್ಲ. ಗಾಜಿನ ವಾಲ್ವ್‌ಗಳ ಪ್ರೀಆಂಪ್ ಇಟ್ಟುಕೊಂಡವರು ಯೋಚಿಸಬೇಕು, ಅವರಿಗೆ ತಗ್ಗುಸ್ವರ ಸೋರಿಹೋಗಬಹುದು. ನಿನ್ನ ಹತ್ತಿರ ಅದಿಲ್ಲ, ಬಿಡು.

ಅವಳು: ನನ್ನ ರೂಮ್‌ಮೇಟ್ ಬೇರೆ ಹೇಳಿದಳು ಮಾವ. ಆಂಪ್ ಬಿಚ್ಚಿ ಒಳಗಿನ ಫೀಡ್‌ಬ್ಯಾಕ್ ರೆಸಿಸ್ಟರ್ ಬದಲಾಯಿಸಿದರೆ ಗೇನ್ ಅಲ್ಲೇ ಇಳಿಯುತ್ತಂತೆ. ಹೊರಗಡೆ ಏನೂ ಅಂಟಿಸಬೇಕಾಗಿಲ್ಲ.

ಮಾವ: ಪುಸ್ತಕದ ಪ್ರಕಾರ ಸರಿ. ಆದರೆ ಎಷ್ಟು ಬೇಕಾದರೂ ಇಳಿಸಬಹುದು ಅಂತಲ್ಲ. ಟಿಡಿಎ 2030, ಟಿಡಿಎ 7294, ಇವು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಿಟ್‌ಗಳಲ್ಲಿ ಬರುವ ಐಸಿಗಳು. ಗೇನ್ 24 ಡಿಬಿಗಿಂತ ಕೆಳಗೆ ಹೋಗಬಾರದು ಅಂತ ತಯಾರಕರೇ ಬರೆದಿದ್ದಾರೆ. ಹೋದರೆ ಆಂಪ್ ತನಗೆ ತಾನೇ ಆಸಿಲೇಟ್ ಆಗಲು ಶುರುಮಾಡುತ್ತೆ. ಕಿವಿಗೆ ಕೇಳಿಸದ ಎತ್ತರದಲ್ಲಿ ಕಿರುಚಿಕೊಂಡು ಟ್ವೀಟರನ್ನೂ ತನ್ನನ್ನೂ ಸುಟ್ಟುಕೊಳ್ಳುತ್ತೆ. ನಿಮ್ಮಪ್ಪನ ಆಂಪ್‌ನಲ್ಲಿ ಐಸಿ ಇಲ್ಲ, ಬಿಡಿ ಟ್ರಾನ್ಸಿಸ್ಟರುಗಳು. ಅದರ ಸ್ಥಿರತೆಯ ಲೆಕ್ಕ ಯಾರ ಹತ್ತಿರವೂ ಇಲ್ಲ. ಮುಟ್ಟಬೇಡ. ರೂಮ್‌ಮೇಟ್ ಹತ್ತಿರ ಯಾವ ಆಂಪ್ ಇದೆ?

ಅವಳು: ಚಿಕ್ಕ ಬೋರ್ಡ್, ಕ್ಲಾಸ್ ಡಿ. ಟಿಪಿಎ 3116.

ಮಾವ: ಅದಕ್ಕಾದರೆ ಸರಿ. ಆ ಐಸಿಯ ಗೇನನ್ನ ಒಂದು ಪಿನ್ನಿನ ರೆಸಿಸ್ಟರ್‌ಗಳಿಂದ 20, 26, 32, 36 ಡಿಬಿ ಅಂತ ನಾಲ್ಕರಲ್ಲಿ ಒಂದಕ್ಕೆ ಹೊಂದಿಸಬಹುದು. ಬೋರ್ಡ್ ಮಾರುವವರು ಜೋರಾಗಿ ಕೇಳಿಸಲಿ ಅಂತ ಮೇಲಿನದಕ್ಕೆ ಇಟ್ಟು ಕಳಿಸಿದ್ದರೆ 20ಕ್ಕೆ ಇಳಿಸಿಕೊಳ್ಳಲಿ. ಅವಳು ಹೇಳಿದ್ದು ಅವಳ ಆಂಪ್‌ಗೆ ನಿಜ. ಸ್ಪೀಕರ್ ವೈರಿಗೆ ರೆಸಿಸ್ಟರ್ ಹಾಕಿ ಅಂತ ಯಾರಾದರೂ ಹೇಳಿದರೆ ಮಾತ್ರ ಕೇಳಬೇಡ. ಬಿಸಿಯಾಗುತ್ತೆ, ಸ್ಪೀಕರಿನ ಇಂಪಿಡೆನ್ಸ್ ಒಂದೊಂದು ಸ್ವರಕ್ಕೆ ಒಂದೊಂದು ಇರುವುದರಿಂದ ಸ್ವರದ ಬಣ್ಣವೇ ಬದಲಾಗುತ್ತೆ.

ಅವಳು: ಇನ್ನೊಂದು. ಹಾಡಿಲ್ಲದಾಗ ಸ್ಪೀಕರಿನಿಂದ ಸುಯ್ ಅಂತ ಬರುತ್ತಿರುತ್ತೆ. ಇದರಿಂದ ಅದೂ ಹೋಗುತ್ತಾ?

ಮಾವ: ನಾಬ್ ಪೂರ್ತಿ ಮುಚ್ಚು. ಸುಯ್ ನಿಂತರೆ ಅದು ಪಾಟಿಗಿಂತ ಹಿಂದಿನಿಂದ ಬರುತ್ತಿದೆ. ಪೂರ್ತಿ ಮುಚ್ಚಿದರೂ ಇದ್ದರೆ ಅದು ಪವರ್ ಸ್ಟೇಜಿನದು. ಮುಂದುಗಡೆ ಏನು ಹಾಕಿದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಆ ವಯಸ್ಸಿನ ಆಂಪ್‌ಗೆ ಸ್ವಲ್ಪ ಉಸಿರಾಡಲು ಬಿಡು. ಗುಂಯ್ ಅಂತ ಬಂದರೆ ಬೇರೆ ವಿಷಯ, ಅದು ಅರ್ಥಿಂಗ್. ಮುಂದೆ ಲೌಡ್‌ನೆಸ್ ಅಂತ ಒಂದು ಬಟನ್ ಇರಬೇಕಲ್ಲ, ಒತ್ತಿ ಇಟ್ಟಿದ್ದೀಯಾ?

ಅವಳು: ಒತ್ತಿದರೆ ಬೇಸ್ ಗುದ್ದುತ್ತೆ, ಚೆನ್ನಾಗಿರಲ್ಲ. ತೆಗೆದುಬಿಟ್ಟಿದ್ದೀನಿ.

ಮಾವ: ಅದು ಪಾಪದ ಬಟನ್. ಅದರ ಮರ್ಯಾದೆಯನ್ನೂ ಈ ಹೆಚ್ಚುವರಿ ಗೇನೇ ತೆಗೆದದ್ದು. ಮೆಲ್ಲಗೆ ಕೇಳುವಾಗ ನಮ್ಮ ಕಿವಿ ತಗ್ಗುಸ್ವರಗಳಿಗೆ ಮಂದವಾಗುತ್ತೆ. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನ ಅಳೆದು ಗೆರೆ ಹಾಕಿ ತೋರಿಸಿದರು. ಅದನ್ನ ಸರಿದೂಗಿಸಲು ಆಂಪ್ ಮಾಡುವವರು ಪಾಟಿನ ನಡುವೆ ಒಂದು ಟ್ಯಾಪ್ ತೆಗೆದು, ನಾಬ್ ಕೆಳಗಿದ್ದಷ್ಟೂ ಬೇಸ್ ಹೆಚ್ಚುವ ಹಾಗೆ ಮಾಡಿದರು. ನಾಬ್ ಕೆಳಗಿದೆ ಅಂದರೆ ಸದ್ದು ಕಡಿಮೆ ಇದೆ ಅಂತ ಅವರ ಊಹೆ. ನಿನ್ನ ಮನೆಯಲ್ಲಿ ನಾಬ್ ಕೆಳಗಿದ್ದಾಗಲೇ ಸದ್ದು ಜೋರು. ಅಲ್ಲಿ ಊಹೆ ತಪ್ಪಿತು, ಬೇಸ್ ಗುದ್ದಿತು. 20 ಡಿಬಿ ಇಳಿಸಿ ಹತ್ತು ಹನ್ನೊಂದಕ್ಕೆ ನಾಬ್ ಇಟ್ಟು ರಾತ್ರಿ ಹೊತ್ತು ಮೆಲ್ಲಗೆ ಕೇಳುವಾಗ ಆ ಬಟನ್ ಒತ್ತಿ ನೋಡು. ಅದನ್ನ ಯಾಕೆ ಇಟ್ಟಿದ್ದರು ಅಂತ ಗೊತ್ತಾಗುತ್ತೆ.

ಅವಳು: ಈಗಿನ ಹೋಂ ಥಿಯೇಟರ್ ರಿಸೀವರ್‌ಗಳಿಗೆ ಈ ರಗಳೆ ಇಲ್ಲ ಅಲ್ವಾ? ಎದುರುಮನೆಯವರದು ಮೈನಸ್ 35 ಅಂತ ತೋರಿಸುತ್ತಿರುತ್ತೆ.

ಮಾವ: ಅಲ್ಲಿ ಇಳಿಸುವುದು ಕಾರ್ಬನ್ ಪಟ್ಟಿಯಲ್ಲ, ಎಲೆಕ್ಟ್ರಾನಿಕ್ಸ್. ಎಡಬಲ ತಪ್ಪುವುದಿಲ್ಲ. ಮೈನಸ್ 35 ಅಂದರೆ ಸಿನಿಮಾ ಮಂದಿರದ ಅಳತೆಗಿಂತ 35 ಡಿಬಿ ಕೆಳಗೆ; ಮನೆಗೆ ಅದು ಸಹಜ, ಗಾಬರಿ ಬೀಳುವಂಥದ್ದಲ್ಲ. ಅವರು ನೋಡಿಕೊಳ್ಳಬೇಕಾದ್ದು ಸಬ್‌ವೂಫರ್ ಒಂದೇ. ತಾನಾಗಿ ಅಳತೆ ಮಾಡಿದ ರಿಸೀವರ್ ಸಬ್‌ವೂಫರ್ ಮುಂದೆ ಮೈನಸ್ 12 ಅಂತ ತೋರಿಸಿದರೆ, ಅದಕ್ಕಿಂತ ಇಳಿಸಲು ಅದಕ್ಕೆ ಆಗಲಿಲ್ಲ ಅಂತ ಅರ್ಥ. ಸಬ್‌ವೂಫರಿನ ಬೆನ್ನಿನ ನಾಬ್ ಇಳಿಸಿ ಮತ್ತೆ ಅಳೆಯಲಿ.

ಅವಳು: ಇಷ್ಟೆಲ್ಲ ಮಾಡಿದ ಮೇಲೂ ಪಕ್ಕದವರು ಗೋಡೆ ತಟ್ಟಿದರೆ?

ಮಾವ: ರೆಸಿಸ್ಟರಿಗೆ ವಿವೇಕ ಇರುವುದಿಲ್ಲ. ನೀನು ಮತ್ತೆ ನಾಬ್ ತಿರುಗಿಸಿ ಅಷ್ಟೇ ಜೋರು ಮಾಡಿದರೆ ಅವರು ಮತ್ತೆ ತಟ್ಟುತ್ತಾರೆ, ತಟ್ಟಲೂಬೇಕು. ಆದರೆ ಒಂದು ಗಮನಿಸು. ಈಗ ನಿನಗಿರುವುದು ಎರಡೇ ಆಯ್ಕೆ: ಅವರಿಗೆ ತೊಂದರೆ ಕೊಡುವಷ್ಟು ಜೋರು, ಇಲ್ಲವೇ ಒಂಟಿ ಸ್ಪೀಕರ್. ನಡುವಿನ ಮೆಟ್ಟಿಲುಗಳೇ ಇಲ್ಲ. ಈ ಊರಿನಲ್ಲಿ ನಮಗೆ ಬೇಕಾದದ್ದು ಆ ನಡುವಿನ ಮೆಟ್ಟಿಲುಗಳು. 30-40 ಸೈಟಿನ ಮನೆಗಳ ನಡುವೆ ಇರುವುದು ಮೂರು ಅಡಿ ಜಾಗ. ಫ್ಲ್ಯಾಟ್‌ಗಳಲ್ಲಿ ಅದೂ ಇಲ್ಲ, ನಾಲ್ಕೂವರೆ ಇಂಚಿನ ಗೋಡೆ. ಹವೆ ಚೆನ್ನಾಗಿದೆ ಅಂತ ಕಿಟಕಿ ಬೇರೆ ಸದಾ ತೆರೆದಿರುತ್ತೇವೆ. ಕಿಟಕಿ ತೆರೆದ ಮೇಲೆ ಗೋಡೆ ಎಷ್ಟು ದಪ್ಪ ಇದ್ದರೇನು?

ಅವಳು: ಕಾನೂನು ಏನನ್ನುತ್ತೆ?

ಮಾವ: ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್. ಖಾಸಗಿ ಜಾಗದಲ್ಲಿ ಹಾಕಿಕೊಂಡ ಸೌಂಡ್ ಸಿಸ್ಟಮ್ ಆ ಜಾಗದ ಎಲ್ಲೆಯಲ್ಲಿ ಇದಕ್ಕಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. 2011ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಏಳು ಮಹಾನಗರಗಳಲ್ಲಿ ಶಬ್ದ ಅಳೆಯುವ ಜಾಲ ಶುರುಮಾಡಿದಾಗ ಬೆಂಗಳೂರೂ ಅದರಲ್ಲಿ ಇತ್ತು. ನಿಮ್ಮ ಬಿಟಿಎಂನಲ್ಲೇ ಒಂದು ಕೇಂದ್ರ ಇದೆ, ವಾಸದ ಪ್ರದೇಶದ ಲೆಕ್ಕದಲ್ಲಿ.

ಅವಳು: ಆ ಯಂತ್ರ ನಮ್ಮ ರಸ್ತೆಯ ಹಾರ್ನ್ ಕೇಳಿ ಕೇಳಿ ಸುಸ್ತಾಗಿರಬೇಕು. ಗಣೇಶನ ಪೆಂಡಾಲಿನವರಿಗೆ ಒಂದು ಪೊಟ್ಟಣ 10 ಕೆ ರೆಸಿಸ್ಟರ್ ಕೊಟ್ಟು ಬರೋಣವಾ?

ಮಾವ: ಅವರಿಗೆ 21 ಡಿಬಿ ಸಾಲುವುದಿಲ್ಲ. ನಮ್ಮ ಮನೆಯದನ್ನ ನಾವು ನೋಡಿಕೊಳ್ಳೋಣ. ರಾತ್ರಿ ಹತ್ತರ ನಂತರವೂ ಸಂಗೀತ ಬೇಕು ಅನ್ನುವವರಿಗೆ ವಾಟಿನ ನೂರನೇ ಒಂದು ಪಾಲಿನಲ್ಲಿ ಎರಡೂ ಸ್ಪೀಕರ್ ಸಮನಾಗಿ ಹಾಡಬೇಕು. ಸಾವಿರಾರು ರೂಪಾಯಿಯ ಹೊಸ ಆಂಪ್ ತಂದರೂ ಅದರ ಗೇನ್ ಹೀಗೇ ಇದ್ದರೆ ಅದು ಆಗುವುದಿಲ್ಲ. ಬಹಳ ಜನ ಇದೇ ಕಾರಣಕ್ಕೆ ಒಳ್ಳೆಯ ಹಳೆ ಆಂಪ್ ಗುಜರಿಗೆ ಹಾಕಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಅವಳು: ಸರಿ, ಮಾರಲ್ಲ. ಹೇಳಿ, ಏನೇನು ತರಲಿ?

ಮಾವ: ಬರೆದುಕೋ. 10 ಕೆ ಎರಡು ಸಾಕು, ನಾಲ್ಕು ತಗೋ. 1 ಕೆ, 2.2 ಕೆ, 3.3 ಕೆ, ತಲಾ ಎರಡು. ಎಲ್ಲವೂ ಒಂದು ಪರ್ಸೆಂಟ್. ಬಿಚ್ಚಿ ಸೋಲ್ಡರ್ ಮಾಡಲು ಜಾಗ ಇರುವ ಲೋಹದ ಆರ್‌ಸಿಎ ಪಿನ್ ಎರಡು, ಹೀಟ್ ಶ್ರಿಂಕ್ ಟ್ಯೂಬ್ ಒಂದು ಅಡಿ. ಹಳದಿ ಮೆಟ್ರೋದಲ್ಲಿ ಬಿಟಿಎಂನಿಂದ ಆರ್.ವಿ. ರೋಡ್‌ವರೆಗೆ ಬಾ, ಅಲ್ಲಿ ಹಸಿರಿಗೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿ, ಎಸ್.ಪಿ. ರೋಡ್ ನಡೆದು ಹೋಗುವಷ್ಟು ಹತ್ತಿರ. ಹೋಗುವುದಕ್ಕೆ ಮುಂಚೆ ಆ್ಯಪ್‌ನಲ್ಲಿ ಅಳತೆ ಮಾಡಿ ನನಗೆ ಫೋನ್ ಮಾಡು. ಶನಿವಾರವೇ ಹೋಗು. ಭಾನುವಾರ ಅಲ್ಲಿ ಬಹುಪಾಲು ಅಂಗಡಿಗಳು ಬಾಗಿಲು ಹಾಕಿರುತ್ತವೆ.